ಮನೆಯವರ ಮಾನಸಿಕ ಚಿಕಿತ್ಸೆಗೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಡವುತ್ತೇವೆ

"ಅಣ್ಣ ಆರು ತಿಂಗಳಿಂದ ಕೋಣೆ ಬಿಟ್ಟು ಬಂದಿಲ್ಲ. ಡಾಕ್ಟರ ಹತ್ತಿರ ಬರಲ್ಲ ಅಂತಾನೆ. ಕೋರ್ಟಿಗೆ ಅರ್ಜಿ ಹಾಕಿದ್ವಿ, ಅದೂ ನಿಲ್ಲಲಿಲ್ಲ. ಈಗೇನು ಮಾಡೋದು?" ಕಾನೂನು ನೆರವಿನ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕೇಳುವ ಮಾತು ಇದು. ಅರ್ಜಿ ಬಿದ್ದುಹೋಗುವುದು ಬಹುತೇಕ ಒಂದೇ ಕಾರಣಕ್ಕೆ. ಕೊನೆಗೆ ತಟ್ಟಬೇಕಾದ ಬಾಗಿಲನ್ನು ಮೊದಲು ತಟ್ಟಿರುತ್ತಾರೆ.

ಹಳೆಯ 1987ರ ಕಾಯ್ದೆಯಲ್ಲಿ ಸಂಬಂಧಿಕರು ಮ್ಯಾಜಿಸ್ಟ್ರೇಟರಿಗೆ ನೇರವಾಗಿ ಅರ್ಜಿ ಕೊಟ್ಟು ದಾಖಲಾತಿ ಆದೇಶ ಪಡೆಯಬಹುದಿತ್ತು. 2018ರ ಮೇ 29ರಿಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ಜಾರಿಯಲ್ಲಿದೆ. ಆ ಹಳೆಯ ಅರ್ಜಿ ಈಗ ಇಲ್ಲ. ಆದರೆ ಹಳೆಯ ನಮೂನೆ ಇನ್ನೂ ಕೈಯಿಂದ ಕೈಗೆ ಓಡಾಡುತ್ತಿದೆ. ನಿಮ್ಮ ಅರ್ಜಿಯ ತಲೆಬರಹದಲ್ಲಿ 1987 ಎಂದಿದ್ದರೆ ಅದನ್ನು ಪಕ್ಕಕ್ಕಿಟ್ಟು ಇದನ್ನು ಓದಿ.

## ಹಂತ 1: ಇವತ್ತೇ ಜೀವಕ್ಕೆ ಅಪಾಯ ಇದೆಯಾ?

ಇದ್ದರೆ ಕೋರ್ಟಿನ ಯೋಚನೆ ಬಿಡಿ. 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ.

ಕಾಯ್ದೆಯ ಕಲಂ 94ರಲ್ಲಿ ತುರ್ತು ಚಿಕಿತ್ಸೆಗೆ ಅವಕಾಶ ಇದೆ. ಮನೋವೈದ್ಯರೇ ಆಗಬೇಕೆಂದಿಲ್ಲ, ನೋಂದಾಯಿತ ವೈದ್ಯರು ಯಾರು ಬೇಕಾದರೂ ಕೊಡಬಹುದು. ಅಂದರೆ ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರೂ ಆಗಬಹುದು. ಜೀವ ಹೋಗುವ ಅಪಾಯ, ತನಗೋ ಬೇರೆಯವರಿಗೋ ತೀವ್ರ ಹಾನಿ ಮಾಡುವ ಅಪಾಯ, ಕಾಯಿಲೆಯಿಂದಾಗಿ ಆಸ್ತಿಗೆ ಗಂಭೀರ ಹಾನಿ ಮಾಡುವ ಅಪಾಯ, ಇವುಗಳನ್ನು ತಡೆಯಲು ಇದು ಅನ್ವಯಿಸುತ್ತದೆ. ಮಾನಸಿಕ ಆಸ್ಪತ್ರೆಗೆ ಸಾಗಿಸುವುದೂ ಇದರಲ್ಲೇ ಸೇರಿದೆ. ಮಿತಿ 72 ಗಂಟೆ. ಹುಷಾರಿಲ್ಲದವರ ಪರವಾಗಿ ಸಹಿ ಹಾಕುವ ಪ್ರತಿನಿಧಿ (ಹಂತ 4 ನೋಡಿ) ಜೊತೆಗಿದ್ದರೆ ಅವರ ಒಪ್ಪಿಗೆ ಬೇಕು. ತುರ್ತು ಚಿಕಿತ್ಸೆ ಎಂದು ಕರೆಂಟ್ ಚಿಕಿತ್ಸೆ ಕೊಡುವಂತಿಲ್ಲ.

ಪೊಲೀಸರಿಗೂ ಇಲ್ಲಿ ಕರ್ತವ್ಯ ಇದೆ. ಮಾನಸಿಕ ಕಾಯಿಲೆಯಿಂದ ತನಗೋ ಇತರರಿಗೋ ಅಪಾಯ ಇರುವವರನ್ನು, ಮತ್ತು ತನ್ನನ್ನು ತಾನು ನೋಡಿಕೊಳ್ಳಲಾಗದೆ ಬೀದಿಯಲ್ಲಿ ಅಲೆಯುತ್ತಿರುವವರನ್ನು ಠಾಣಾಧಿಕಾರಿ ತಮ್ಮ ರಕ್ಷಣೆಗೆ ತೆಗೆದುಕೊಳ್ಳಬೇಕು. ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ, ತಡವೆಂದರೂ 24 ಗಂಟೆಯೊಳಗೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಇದು ಕಲಂ 100. ಅದೇ ಕಲಂ ಇನ್ನೊಂದು ಮಾತನ್ನೂ ಹೇಳುತ್ತದೆ: ಅವರನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಫೋನ್ ಮಾಡುವಾಗ "ಮನೆಯಲ್ಲಿ ಗಲಾಟೆ" ಎನ್ನಬೇಡಿ. "ಮಾನಸಿಕ ಕಾಯಿಲೆ ಇದೆ, ಜೀವಕ್ಕೆ ಅಪಾಯ ಇದೆ, ಆಸ್ಪತ್ರೆಗೆ ಕರೆದೊಯ್ಯಬೇಕು" ಎನ್ನಿ. ಗಲಾಟೆ ಎಂದರೆ ಬರುವವರು ಜಗಳ ಬಿಡಿಸುವ ಮನಸ್ಸಲ್ಲೇ ಬರುತ್ತಾರೆ.

## ಹಂತ 2: ನಿಮ್ಮ ದಾರಿ ಯಾವುದು ಎಂದು ತೀರ್ಮಾನಿಸಿ

ಇಲ್ಲಿ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ. ಹುಷಾರಿಲ್ಲದವರನ್ನು ಈಗ ನೋಡಿಕೊಳ್ಳುತ್ತಿರುವವರು ಯಾರು? ಈ ಪ್ರಶ್ನೆಗೆ ಮೊದಲು ಉತ್ತರ ಬರೆದುಕೊಳ್ಳಿ.

ನೋಡಿಕೊಳ್ಳುತ್ತಿರುವವರು ನೀವೇ ಆಗಿದ್ದರೆ, ಅವರು ಚಿಕಿತ್ಸೆಗೆ ಒಪ್ಪುತ್ತಿಲ್ಲ ಎಂಬುದಷ್ಟೇ ತೊಂದರೆಯಾಗಿದ್ದರೆ, ನಿಮ್ಮ ದಾರಿ ಆಸ್ಪತ್ರೆ. ಕೋರ್ಟಿನ ಆದೇಶ ಬೇಕಿಲ್ಲ. ಇದಕ್ಕೆ ಕಲಂ 89 ಇದೆ, ಹಂತ 5 ನೋಡಿ.

ನೋಡಿಕೊಳ್ಳಬೇಕಾದವರೇ ಕೂಡಿಹಾಕಿದ್ದಾರೆ, ಹೊಡೆಯುತ್ತಿದ್ದಾರೆ, ಊಟ ಔಷಧ ಕೊಡುತ್ತಿಲ್ಲ, ನಿಮ್ಮನ್ನು ಒಳಗೆ ಬಿಡುತ್ತಿಲ್ಲ ಎಂದಾದರೆ ನಿಮ್ಮ ದಾರಿ ಮ್ಯಾಜಿಸ್ಟ್ರೇಟ್. ಇದಕ್ಕೆ ಕಲಂ 101 ಮತ್ತು 102. ಮದುವೆಯಾಗಿ ಹೋದ ತಂಗಿ ಅಣ್ಣನ ಪರವಾಗಿ, ಪಕ್ಕದ ಮನೆಯವರು ಒಂಟಿ ಅಜ್ಜಿಯ ಪರವಾಗಿ ಬರುವುದು ಈ ದಾರಿಯಲ್ಲಿ. ಕಾಯ್ದೆಯ ಮಾತು "ದೌರ್ಜನ್ಯ ಅಥವಾ ನಿರ್ಲಕ್ಷ್ಯ". ಆ ಎರಡರಲ್ಲಿ ಒಂದನ್ನಾದರೂ ತೋರಿಸದ ಅರ್ಜಿ ನಿಲ್ಲುವುದು ಕಷ್ಟ.

ಬೇಕಿರುವುದು ಬ್ಯಾಂಕ್ ಖಾತೆ, ಜಮೀನಿನ ವ್ಯವಹಾರವಾದರೆ ಇದು ನಿಮ್ಮ ದಾರಿಯೇ ಅಲ್ಲ. 2017ರ ಕಾಯ್ದೆ ಆಸ್ತಿ ನೋಡಿಕೊಳ್ಳಲು ಯಾರನ್ನೂ ನೇಮಿಸುವುದಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ ಕಲಂ 14ರಲ್ಲಿ ಸೀಮಿತ ಪಾಲಕತ್ವ ಎಂಬ ಬೇರೆ ವ್ಯವಸ್ಥೆ ಇದೆ. ಚಿಕಿತ್ಸೆಯ ಅರ್ಜಿಯಲ್ಲಿ ಆಸ್ತಿಯ ಮಾತು ಒಂದು ಸಾಲು ಬಂದರೂ ಸಾಕು, ಓದುವವರಿಗೆ ಮೊದಲು ಬರುವುದು ಅನುಮಾನ.

ಇನ್ನೊಂದನ್ನೂ ಮನಸ್ಸಿಗೆ ತಂದುಕೊಳ್ಳಿ. ಬೇರೆ ಜಾತಿಯವರನ್ನು ಮದುವೆಯಾದಳು, ಕೆಲಸ ಬಿಟ್ಟು ಕೂತ, ದೇವರನ್ನು ನಂಬಲ್ಲ, ಮನೆಯವರ ಮಾತು ಕೇಳಲ್ಲ, ಇವು ಯಾವುವೂ ಕಾಯಿಲೆಯಲ್ಲ. ಸಮಾಜದ ರೂಢಿಗೆ ಹೊಂದಲಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಎಂದು ತೀರ್ಮಾನಿಸುವಂತಿಲ್ಲ ಎಂದು ಕಲಂ 3 ಸ್ಪಷ್ಟವಾಗಿ ಹೇಳುತ್ತದೆ. ಆದರೆ ಕುಡಿತ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳೂ ಕಾಯ್ದೆಯೊಳಗೆ ಬರುತ್ತವೆ.

## ಹಂತ 3: ಒಂದು ನೋಟ್‌ಬುಕ್ ಇಡಿ

ಡಾಕ್ಟರು, ಪೊಲೀಸರು, ಮ್ಯಾಜಿಸ್ಟ್ರೇಟರು ಮೂವರಿಗೂ ಬೇಕಾಗುವುದು ಇದೇ. ಆದರೂ ಜಾಸ್ತಿ ಜನ ಬಿಟ್ಟುಬಿಡುವುದು ಇದನ್ನೇ. ನಮ್ಮ ತಮ್ಮನಿಗೆ ಮೊದಲ ಸಲ ಹುಷಾರು ತಪ್ಪಿದಾಗ ನಾವೂ ಬಿಟ್ಟಿದ್ದೆವು. ಡಾಕ್ಟರು "ಯಾವಾಗಿಂದ ನಿದ್ದೆ ಮಾಡಿಲ್ಲ?" ಎಂದು ಕೇಳಿದರು. ಅಮ್ಮ ಒಂದು ಹೇಳಿದರು, ನಾನು ಇನ್ನೊಂದು ಹೇಳಿದೆ. ಆಮೇಲೆ ಅಲ್ಲೇ ನಾವಿಬ್ಬರೂ ವಾದಕ್ಕೆ ಬಿದ್ದೆವು.

"ಅವನಿಗೆ ಹುಚ್ಚು ಹಿಡಿದಿದೆ, ದಿನಾ ಕಾಟ" ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: "4ನೇ ತಾರೀಕು, ರಾತ್ರಿ 11. ಊಟದಲ್ಲಿ ವಿಷ ಇದೆ ಎಂದು ತಟ್ಟೆ ಎಸೆದ. 2ನೇ ತಾರೀಕಿನಿಂದ ನೀರು ಬಿಟ್ಟು ಬೇರೇನೂ ತೆಗೆದುಕೊಂಡಿಲ್ಲ. ನೋಡಿದವರು: ಅಮ್ಮ, ಪಕ್ಕದ ಮನೆಯವರು." ದಿನಾಂಕ, ಸಮಯ, ಏನಾಯಿತು, ಅವರು ಆಡಿದ ಮಾತು, ನೋಡಿದವರು ಯಾರು, ಇಷ್ಟು ಸಾಕು. ಕಾಯಿಲೆಯ ಹೆಸರನ್ನು ನೀವು ಇಡಬೇಡಿ.

ಮೂರು ವಿಷಯಗಳಿಗೆ ವಿಶೇಷ ಗಮನ ಕೊಡಿ. ತನಗೆ ತಾನೇ ಹಾನಿ ಮಾಡಿಕೊಂಡದ್ದು ಅಥವಾ ಮಾಡಿಕೊಳ್ಳುತ್ತೇನೆ ಎಂದದ್ದು. ಬೇರೆಯವರ ಮೇಲೆ ಕೈಮಾಡಿದ್ದು ಅಥವಾ ಅವರು ಹೆದರುವಂತೆ ನಡೆದುಕೊಂಡದ್ದು. ಊಟ, ಸ್ನಾನ, ಔಷಧ ಬಿಟ್ಟು ದೇಹಕ್ಕೆ ಅಪಾಯ ಆಗುವ ಮಟ್ಟಕ್ಕೆ ಹೋದದ್ದು. ಕಲಂ 89ರಲ್ಲಿ ಡಾಕ್ಟರು ನೋಡುವುದು ಈ ಮೂರನ್ನೇ. ಮೂರೂ ಇರಬೇಕಿಲ್ಲ, ಒಂದಿದ್ದರೂ ಸಾಕು. ಆದರೆ ಅದು ಇತ್ತೀಚಿನದಾಗಿರಬೇಕು. ಐದು ವರ್ಷದ ಹಿಂದಿನ ಘಟನೆ ಹಿನ್ನೆಲೆ ತಿಳಿಯಲಷ್ಟೇ ಉಪಯೋಗ.

ಹಳೆಯ ಚೀಟಿಗಳು, ಡಿಸ್ಚಾರ್ಜ್ ಸಾರಾಂಶ, ಮಾತ್ರೆಯ ಖಾಲಿ ಹಾಳೆಗಳು, ಆಧಾರ್ ಪ್ರತಿ, ನಿಮ್ಮ ಸಂಬಂಧ ತೋರಿಸುವ ದಾಖಲೆ, ಎಲ್ಲವನ್ನೂ ಒಂದೇ ಫೈಲಿನಲ್ಲಿಡಿ. ವಿಡಿಯೊ ಮಾಡಿದ್ದರೆ ಡಾಕ್ಟರಿಗೆ ತೋರಿಸಿ, ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಕಾಯಿಲೆಯ ವಿಷಯ ಗುಟ್ಟಾಗಿರುವುದು ಅವರ ಹಕ್ಕು. ಗುಣವಾದ ಮೇಲೆ ಅವರು ಅದೇ ನೆಂಟರ ಮುಖ ನೋಡಬೇಕಲ್ವಾ?

## ಹಂತ 4: ಪ್ರತಿನಿಧಿ ಯಾರು ಎಂದು ಖಚಿತ ಮಾಡಿಕೊಳ್ಳಿ

ಆಸ್ಪತ್ರೆಯಲ್ಲಿ ಸಹಿ ಹಾಕಬೇಕಾದವರು "ನಾಮನಿರ್ದೇಶಿತ ಪ್ರತಿನಿಧಿ". ಮನೆಯಲ್ಲಿ ದೊಡ್ಡವರು ಎಂಬ ಕಾರಣಕ್ಕೆ ಈ ಸ್ಥಾನ ಸಿಗುವುದಿಲ್ಲ.

ಹುಷಾರಿಲ್ಲದವರು ಮೊದಲೇ ಬಿಳಿ ಹಾಳೆಯಲ್ಲಿ ಹೆಸರು ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದ್ದರೆ ಆ ವ್ಯಕ್ತಿಯೇ ಪ್ರತಿನಿಧಿ. ಯಾರನ್ನೂ ಹೆಸರಿಸಿರದಿದ್ದರೆ ಕಾಯ್ದೆ ಒಂದು ಸಾಲು ಹಾಕಿಕೊಡುತ್ತದೆ: ಮುಂಗಡ ನಿರ್ದೇಶನದಲ್ಲಿ ಹೆಸರಿಸಿದವರು, ಆಮೇಲೆ ಸಂಬಂಧಿಕರು, ಆಮೇಲೆ ಆರೈಕೆ ಮಾಡುವವರು, ಆಮೇಲೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿ (ಹಂತ 9 ನೋಡಿ) ನೇಮಿಸಿದವರು. ಯಾರೂ ಇಲ್ಲದಿದ್ದರೆ ಸಮಾಜ ಕಲ್ಯಾಣ ಇಲಾಖೆಯ ನಿರ್ದೇಶಕರನ್ನು ಮಂಡಳಿ ನೇಮಿಸುತ್ತದೆ. ಮುಂಗಡ ನಿರ್ದೇಶನ ಎಂದರೆ ಹುಷಾರಾಗಿದ್ದಾಗಲೇ "ನನಗೆ ಇಂಥ ಚಿಕಿತ್ಸೆ ಬೇಕು, ಇಂಥದ್ದು ಬೇಡ" ಎಂದು ಬರೆದಿಟ್ಟ ಪತ್ರ. ಅದು ಇದೆಯೋ ಇಲ್ಲವೋ ಬೀರುವಿನಲ್ಲಿ ಹುಡುಕಿ.

ಅಣ್ಣ ತಮ್ಮಂದಿರು ಆಸ್ಪತ್ರೆಯ ಕೌಂಟರಿನ ಮುಂದೆ "ನಾನು ಸಹಿ ಹಾಕ್ತೀನಿ, ನೀನು ಹಾಕ್ಬೇಡ" ಎಂದು ನಿಂತರೆ ದಾಖಲಾತಿ ಅಲ್ಲೇ ನಿಲ್ಲುತ್ತದೆ. ಈ ಮಾತು ಮನೆಯಲ್ಲೇ ಮುಗಿಸಿ ಹೊರಡಿ.

## ಹಂತ 5: ಆಸ್ಪತ್ರೆಯ ದಾರಿಯನ್ನು ಪೂರ್ತಿ ಪ್ರಯತ್ನಿಸಿ

ಮೊದಲು ಒಪ್ಪಿಸಲು ನೋಡಿ. "ನಿನಗೆ ತಲೆ ಕೆಟ್ಟಿದೆ, ನಡಿ" ಎಂದರೆ ಯಾರೂ ಬರುವುದಿಲ್ಲ. "ನಿದ್ದೆ ಬರ್ತಿಲ್ಲ ಅಲ್ವಾ, ಅದಕ್ಕೆ ಏನಾದ್ರೂ ಕೇಳೋಣ" ಎಂದರೆ ಕೆಲವರು ಎದ್ದು ಬರುತ್ತಾರೆ. ಅವರು ನಂಬುವ ಒಬ್ಬರ ಬಾಯಲ್ಲಿ ಈ ಮಾತು ಬಂದರೆ ಇನ್ನೂ ಒಳ್ಳೆಯದು. ಹೇಗೆ ಮಾತಾಡಬೇಕು ಎಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನೀವೇ ಫೋನ್ ಮಾಡಿ ಕೇಳಬಹುದು. ಕನ್ನಡದಲ್ಲೇ ಮಾತಾಡುತ್ತಾರೆ.

ಊಟದಲ್ಲಿ ಕದ್ದು ಮಾತ್ರೆ ಬೆರೆಸಬೇಡಿ. ವಿಷ ಹಾಕುತ್ತಾರೆ ಎಂಬ ಭಯ ಇರುವವರಿಗೆ ಒಂದು ಸಲ ಗೊತ್ತಾದರೆ ಮನೆಯ ಊಟವನ್ನೇ ಬಿಡುತ್ತಾರೆ. ಆಮೇಲೆ ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ.

ಒಪ್ಪದಿದ್ದರೆ ಕಲಂ 89ರ ಬೆಂಬಲಿತ ದಾಖಲಾತಿ ಇದೆ. ಇದಕ್ಕೆ ಪ್ರತಿನಿಧಿಯ ಲಿಖಿತ ಅರ್ಜಿ ಬೇಕು. ಜೊತೆಗೆ ಇಬ್ಬರು ಬೇರೆ ಬೇರೆಯಾಗಿ ನೋಡಿರಬೇಕು. ಒಬ್ಬರು ಮನೋವೈದ್ಯರು, ಇನ್ನೊಬ್ಬರು ಮಾನಸಿಕ ಆರೋಗ್ಯ ವೃತ್ತಿಪರರು ಅಥವಾ ವೈದ್ಯರು. ದಾಖಲಾಗುವ ದಿನ ಅಥವಾ ಅದರ ಹಿಂದಿನ 7 ದಿನಗಳಲ್ಲಿ ನೋಡಿರಬೇಕು. ಎರಡು ವಾರದ ಹಿಂದಿನ ಚೀಟಿ ಹಿಡಿದು ಹೋಗಿ ವಾಪಸ್ ಬಂದವರನ್ನು ನಾನು ನೋಡಿದ್ದೇನೆ.

ಈ ದಾಖಲಾತಿ ಹೆಚ್ಚೆಂದರೆ 30 ದಿನ. ಸ್ವಂತ ನಿರ್ಧಾರ ಮಾಡುವ ಶಕ್ತಿ ಬಂದಿದೆಯಾ ಎಂದು ಪ್ರತಿ 7 ದಿನಕ್ಕೊಮ್ಮೆ ನೋಡಬೇಕು. ಮಹಿಳೆಯರು ಮತ್ತು 18 ವರ್ಷ ತುಂಬದವರಾದರೆ 3 ದಿನದೊಳಗೆ, ಉಳಿದವರಾದರೆ 7 ದಿನದೊಳಗೆ ಆಸ್ಪತ್ರೆ ಮಂಡಳಿಗೆ ತಿಳಿಸಬೇಕು. 30 ದಿನ ಮೀರಬೇಕಾದರೆ ಕಲಂ 90. ಆಗ ಇಬ್ಬರೂ ಮನೋವೈದ್ಯರೇ ಆಗಿರಬೇಕು, ಮಂಡಳಿಯ ಅನುಮತಿಯೂ ಬೇಕು.

ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಹೆಸರು ಎಲ್ಲರಿಗೂ ಗೊತ್ತು. ಆದರೆ ಅಲ್ಲಿಗೇ ಓಡಬೇಕೆಂದಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ವಿಚಾರಿಸಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ ಯಾವ ದಿನ ಎಂದೂ ಕೇಳಿಕೊಳ್ಳಿ. ಖಾಸಗಿ ಜಾಗವಾದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯಾ ಎಂದು ಕೇಳಿ.

## ಹಂತ 6: ಠಾಣೆಗೆ ಬರಹದಲ್ಲಿ ಕೊಡಿ

ನಿಮ್ಮದು ಮ್ಯಾಜಿಸ್ಟ್ರೇಟರ ದಾರಿಯಾದರೆ ಮೊದಲ ಮೆಟ್ಟಿಲು ಪೊಲೀಸ್ ಠಾಣೆ. ಹುಷಾರಿಲ್ಲದವರು ವಾಸವಿರುವ ಜಾಗದ ಠಾಣೆ, ನೀವಿರುವ ಜಾಗದ್ದಲ್ಲ. ನೀವು ಬೆಂಗಳೂರಿನಲ್ಲಿದ್ದು ಅಣ್ಣ ಹಾವೇರಿಯಲ್ಲಿದ್ದರೆ ಹಾವೇರಿಯ ಠಾಣೆಗೇ ಕೊಡಬೇಕು.

ಬಾಯಿಮಾತಿನಲ್ಲಿ ಹೇಳಿ ಬರಬೇಡಿ. "ಕಲಂ 101(2)ರ ಅಡಿ ಮಾಹಿತಿ" ಎಂದು ತಲೆಬರಹ ಹಾಕಿ ಎರಡು ಪ್ರತಿ ಮಾಡಿ. ಒಂದರ ಮೇಲೆ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ದೌರ್ಜನ್ಯ ಅಥವಾ ನಿರ್ಲಕ್ಷ್ಯ ನಡೆಯುತ್ತಿದೆ ಎಂದು ನಂಬಲು ಕಾರಣ ಸಿಕ್ಕರೆ ಠಾಣಾಧಿಕಾರಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ಅದು ಅವರ ಇಷ್ಟಕ್ಕೆ ಬಿಟ್ಟ ವಿಷಯವಲ್ಲ.

"ಇದು ಮನೆ ವಿಷಯ, ನೀವೇ ಕೂತು ಮಾತಾಡ್ಕೊಳ್ಳಿ" ಎಂದರೆ ಅದನ್ನೇ ಹಿಂಬರಹವಾಗಿ, ಅಂದರೆ ಬರಹದ ಉತ್ತರವಾಗಿ, ಕೊಡಿ ಎಂದು ಕೇಳಿ. ಕೊಡದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಮುಂದಿನ ಹಂತದಲ್ಲಿ ಆ ರಸೀದಿಗೆ ಬೆಲೆ ಇದೆ.

## ಹಂತ 7: ಮ್ಯಾಜಿಸ್ಟ್ರೇಟರಿಗೆ ಅರ್ಜಿ

ಪೊಲೀಸರು ಮುಂದುವರಿಯದಿದ್ದರೆ ಎಲ್ಲ ಮುಗಿಯಿತು ಎಂದುಕೊಳ್ಳುವವರು ಜಾಸ್ತಿ. ಹಾಗಲ್ಲ. ಕಲಂ 101(3)ನ್ನು ನಿಧಾನವಾಗಿ ಓದಿ. ಪೊಲೀಸ್ ವರದಿಯಿಂದಾಗಲಿ "ಬೇರೆ ರೀತಿಯಲ್ಲಾಗಲಿ" ಮ್ಯಾಜಿಸ್ಟ್ರೇಟರಿಗೆ ನಂಬಲು ಕಾರಣ ಸಿಕ್ಕರೆ ಆ ವ್ಯಕ್ತಿಯನ್ನು ತಮ್ಮ ಮುಂದೆ ಕರೆಸಬಹುದು. ನಿಮ್ಮ ಅರ್ಜಿ ನಿಲ್ಲುವುದು ಆ "ಬೇರೆ ರೀತಿ" ಎಂಬ ಪದದ ಮೇಲೆ. ತಲೆಬರಹದಲ್ಲಿ "ಕಲಂ 101(3) ಮತ್ತು 102ರ ಅಡಿ" ಎಂದು ಬರೆಯಿರಿ. ಅರ್ಜಿ ಕನ್ನಡದಲ್ಲೇ ಇರಬಹುದು.

ಒಳಗಿನ ಕ್ರಮ ಹೀಗಿರಲಿ. ಮೊದಲು ನೀವು ಯಾರು, ಹುಷಾರಿಲ್ಲದವರಿಗೆ ನಿಮ್ಮ ಸಂಬಂಧ ಏನು. ಆಮೇಲೆ ಅವರು ಎಲ್ಲಿದ್ದಾರೆ, ಯಾವ ಠಾಣೆಯ ವ್ಯಾಪ್ತಿ, ನೋಡಿಕೊಳ್ಳುವ ಹೊಣೆ ಯಾರದು. ಆಮೇಲೆ ದೌರ್ಜನ್ಯ ಅಥವಾ ನಿರ್ಲಕ್ಷ್ಯದ ಸಂಗತಿಗಳು, ನೋಟ್‌ಬುಕ್ಕಿನಿಂದ ದಿನಾಂಕ ಸಮೇತ. ನೀವು ಕಣ್ಣಾರೆ ಕಂಡದ್ದು ಯಾವುದು, ಬೇರೆಯವರು ಹೇಳಿದ್ದು ಯಾವುದು ಎಂದು ಬಿಡಿಸಿ ಬರೆಯಿರಿ. ಆಮೇಲೆ ಕಾಯಿಲೆ ಇರಬಹುದು ಎನ್ನಲು ಕಾರಣ, ಹಿಂದಿನ ಚಿಕಿತ್ಸೆ. ಕೊನೆಗೆ ಠಾಣೆಗೆ ಕೊಟ್ಟ ಪತ್ರ, ಅದಕ್ಕೆ ಸಿಕ್ಕ ಉತ್ತರ. ಜೊತೆಗೆ ಅಫಿಡವಿಟ್.

ಕೇಳಿಕೆ ಎರಡೇ ಸಾಲಿನಲ್ಲಿರಲಿ: "ಸದರಿ ವ್ಯಕ್ತಿಯನ್ನು ಮಾನ್ಯ ನ್ಯಾಯಾಲಯದ ಮುಂದೆ ಹಾಜರುಪಡಿಸಲು ಠಾಣಾಧಿಕಾರಿಗೆ ನಿರ್ದೇಶಿಸಬೇಕು. ತಪಾಸಣೆಗೆ, ಅಗತ್ಯವಿದ್ದರೆ ಚಿಕಿತ್ಸೆಗೆ, ಕಲಂ 102ರಂತೆ ಆದೇಶಿಸಬೇಕು."

"ಬುದ್ಧಿಭ್ರಮಣೆ ಎಂದು ಘೋಷಿಸಿ", "ಶಾಶ್ವತವಾಗಿ ಆಸ್ಪತ್ರೆಯಲ್ಲಿಡಿ" ಎಂದು ಕೇಳಬೇಡಿ. ಈ ಕಲಂನಲ್ಲಿ ಮ್ಯಾಜಿಸ್ಟ್ರೇಟರಿಗೆ ಆ ಅಧಿಕಾರ ಇಲ್ಲ. ಕೊಡಲಾಗದ್ದನ್ನು ಕೇಳಿದಾಗ ಕೊಡಬಹುದಾದದ್ದೂ ಕೈತಪ್ಪುತ್ತದೆ.

ವಕೀಲರ ಖರ್ಚು ಕಷ್ಟವಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಎರಡೂ ಕೋರ್ಟಿನ ಆವರಣದಲ್ಲೇ ಸಿಗುತ್ತವೆ. ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಹುಷಾರಿಲ್ಲದವರಿಗೂ ಉಚಿತ ವಕೀಲರನ್ನು ಪಡೆಯುವ ಹಕ್ಕು ಕಲಂ 27ರಲ್ಲಿದೆ. ಅವರ ಪರ ವಕೀಲರು ಬಂದು ನಿಮ್ಮನ್ನು ಪ್ರಶ್ನಿಸಿದರೆ ಬೇಜಾರು ಮಾಡಿಕೊಳ್ಳಬೇಡಿ. ಅವರ ಮಾತನ್ನೂ ಯಾರಾದರೂ ಹೇಳಬೇಕಲ್ಲ.

## ಹಂತ 8: ಆದೇಶ ಬಂದ ಮೇಲಿನ 10 ದಿನ

ಮ್ಯಾಜಿಸ್ಟ್ರೇಟರು ಎರಡರಲ್ಲಿ ಒಂದು ಮಾಡಬಹುದು. ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗೆ ತಪಾಸಣೆ ಮತ್ತು ಚಿಕಿತ್ಸೆಗೆ ಕಳಿಸಬಹುದು. ಇಲ್ಲವೇ ತಪಾಸಣೆ ಮಾಡಿ ಚಿಕಿತ್ಸೆಯ ಯೋಜನೆ ಹಾಕಲು ಹೆಚ್ಚೆಂದರೆ 10 ದಿನ ದಾಖಲು ಮಾಡಲು ಆದೇಶಿಸಬಹುದು.

ಕುಟುಂಬಗಳು ನಿರಾಳವಾಗಿ ಮನೆಗೆ ಹೋಗಿಬಿಡುವುದು ಇಲ್ಲೇ. ಹೋಗಬೇಡಿ. ಆ 10 ದಿನ ತಪಾಸಣೆಗೆ ಕೊಟ್ಟ ಅವಧಿ ಅಷ್ಟೇ. ಅದು ಮುಗಿದ ಮೇಲೆ ವೈದ್ಯರು ಮ್ಯಾಜಿಸ್ಟ್ರೇಟರಿಗೆ ವರದಿ ಕೊಡುತ್ತಾರೆ. ಮುಂದೆ ಇರಿಸಿಕೊಳ್ಳಬೇಕಾದರೆ ಹುಷಾರಿಲ್ಲದವರ ಒಪ್ಪಿಗೆ ಬೇಕು, ಇಲ್ಲವೇ ಕಲಂ 89ರಂತೆ ಪ್ರತಿನಿಧಿಯ ಅರ್ಜಿ ಬೇಕು. 10ನೇ ದಿನ ಪ್ರತಿನಿಧಿ ಊರಲ್ಲಿಲ್ಲದಿದ್ದರೆ ಇಷ್ಟು ದಿನದ ಓಡಾಟ ನೀರಲ್ಲಿ ಹೋಮ. ಎರಡನೇ ದಿನವೇ ಹೋಗಿ ವೈದ್ಯರಿಗೆ ನೋಟ್‌ಬುಕ್ ತೋರಿಸಿ. ಆದೇಶದ ದೃಢೀಕೃತ ಪ್ರತಿ ಕೈಯಲ್ಲಿರಲಿ.

ಕಾಯಿಲೆ ಇಲ್ಲ, ಅಥವಾ ದಾಖಲು ಮಾಡುವಷ್ಟಿಲ್ಲ ಎಂದು ವೈದ್ಯರು ಹೇಳಬಹುದು. ಆಗ ಜಗಳಕ್ಕೆ ನಿಲ್ಲದೆ ಓಪಿಡಿಯಲ್ಲಿ ಮುಂದುವರಿಸುವ ದಾರಿ ಕೇಳಿ.

## ಹಂತ 9: ಎಲ್ಲ ಕಡೆ ನಿಂತುಹೋದರೆ

ಪ್ರತಿನಿಧಿ ಯಾರು ಎಂಬ ತಕರಾರು, ಆಸ್ಪತ್ರೆಯ ತಪ್ಪು, ದಾಖಲಾತಿಯೇ ಸರಿಯಿಲ್ಲ ಎಂಬ ದೂರು, ಇವುಗಳಿಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿ ಇದೆ. ಹಾಲಿ ಅಥವಾ ನಿವೃತ್ತ ಜಿಲ್ಲಾ ನ್ಯಾಯಾಧೀಶರ ದರ್ಜೆಯವರು ಅಧ್ಯಕ್ಷರು. ಮನೋವೈದ್ಯರ ಜೊತೆಗೆ ಕಾಯಿಲೆ ಅನುಭವಿಸಿದವರು, ಆರೈಕೆ ಮಾಡಿದವರು ಅಥವಾ ಸಂಸ್ಥೆಗಳವರೂ ಸದಸ್ಯರಾಗಿರುತ್ತಾರೆ. ಅರ್ಜಿಗೆ ಶುಲ್ಕ ಇಲ್ಲ. ಪ್ರತಿನಿಧಿಯ ನೇಮಕ ಮತ್ತು ಕಲಂ 89ರ ದಾಖಲಾತಿಯ ತಕರಾರನ್ನು 7 ದಿನದಲ್ಲಿ ತೀರ್ಮಾನಿಸಬೇಕು. ಮಂಡಳಿಯ ಕೈಯಲ್ಲಿರುವ ವಿಷಯಕ್ಕೆ ಸಿವಿಲ್ ದಾವೆ ಹಾಕಿದರೆ ನಡೆಯುವುದಿಲ್ಲ, ಕಾಯ್ದೆಯೇ ಅದನ್ನು ತಡೆದಿದೆ.

ಮಂಡಳಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ. ಪೊಲೀಸರು, ಅಧಿಕಾರಿಗಳು ಮಾಡಲೇಬೇಕಾದ ಕೆಲಸ ಮಾಡದಿದ್ದರೆ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ. ಬೆಂಗಳೂರಿನವರೆಗೆ ಬರಲೇಬೇಕೆಂದಿಲ್ಲ, ಧಾರವಾಡ ಮತ್ತು ಕಲಬುರಗಿಯಲ್ಲೂ ಪೀಠಗಳಿವೆ. ಹಿಂಬರಹ, ಮುದ್ರೆ ಹಾಕಿದ ಪ್ರತಿ, ಅಂಚೆ ರಸೀದಿ, ಎಲ್ಲವೂ ಅಲ್ಲಿ ಬೇಕಾಗುತ್ತವೆ.

## ಇವು ಕಂಡರೆ ತಕ್ಷಣ ನಿಲ್ಲಿ

"ರಾತ್ರಿ ಗಾಡಿ ಕಳಿಸ್ತೀವಿ, ನಾಲ್ಕು ಜನ ಬಂದು ಎತ್ಕೊಂಡು ಹೋಗ್ತಾರೆ" ಎನ್ನುವ ಕೇಂದ್ರ. ಮನೋವೈದ್ಯರು ಯಾರು ಎಂದು ಕೇಳಿದರೆ ಉತ್ತರವಿಲ್ಲ. ಮೂರು ತಿಂಗಳ ಹಣ ಮೊದಲೇ ಕೊಡಿ ಎನ್ನುತ್ತಾರೆ. ನೋಡಲು, ಫೋನಿನಲ್ಲಿ ಮಾತಾಡಲು ಬಿಡುವುದಿಲ್ಲ. ಅಂಥಲ್ಲಿಗೆ ಕಳಿಸಬೇಡಿ.

ಖಾಲಿ ಹಾಳೆಗೆ ಸಹಿ ಕೇಳಿದರೆ ಹಾಕಬೇಡಿ. "ಒಂದು ವಾರದಲ್ಲಿ ಆರ್ಡರ್ ತರ್ತೀನಿ" ಎಂದು ಮಾತು ಕೊಡುವವರನ್ನೂ ನಂಬಬೇಡಿ.

ಕಟ್ಟಿಹಾಕಬೇಡಿ. ಕಲಂ 95ರಂತೆ ಯಾವ ರೀತಿಯಲ್ಲೂ ಸರಪಳಿ ಹಾಕುವಂತಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇರಿಸಿದ್ದ ಕೇಂದ್ರಕ್ಕೆ ಬೆಂಕಿ ಹತ್ತಿಕೊಂಡಾಗ ಓಡಲಾಗದೆ ಸತ್ತವರಲ್ಲಿ ಹೆಚ್ಚಿನವರು ಸರಪಳಿಯಲ್ಲಿದ್ದರು. ಅವರನ್ನು ಅಲ್ಲಿಗೆ ಬಿಟ್ಟವರೂ ಮನೆಯವರೇ, ವಾಸಿಯಾಗಲಿ ಎಂಬ ಆಸೆಯಿಂದ.

## ಮನೆಗೆ ಬಂದ ಮೇಲೆ

ಡಿಸ್ಚಾರ್ಜ್ ದಿನ ಚೀಟಿ ತೆಗೆದುಕೊಂಡು ಓಡಿಬರಬೇಡಿ. ಯಾವ ಮಾತ್ರೆ, ಎಷ್ಟು ದಿನ, ಮುಂದಿನ ಭೇಟಿ ಯಾವಾಗ, ನಿದ್ದೆ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು, ಎಲ್ಲವನ್ನೂ ಅವರ ಎದುರಿಗೇ ಕೇಳಿ ಬರೆದುಕೊಳ್ಳಿ.

ಒಂದೆರಡು ತಿಂಗಳು ಕಳೆದು ಮನಸ್ಸು ತಿಳಿಯಾದ ಮೇಲೆ ಒಂದು ದಿನ ಜೊತೆಗೆ ಕೂತುಕೊಳ್ಳಿ. ಮತ್ತೆ ಹುಷಾರು ತಪ್ಪಿದರೆ ಯಾವ ಆಸ್ಪತ್ರೆ, ಯಾವ ಚಿಕಿತ್ಸೆ ಬೇಡ, ಸಹಿ ಹಾಕುವವರು ಯಾರು ಎಂದು ಅವರಿಂದಲೇ ಕೇಳಿ ಮುಂಗಡ ನಿರ್ದೇಶನ ಬರೆಸಿ. ನಮ್ಮ ತಮ್ಮ ಅದರಲ್ಲಿ ನನ್ನ ಹೆಸರು ಬರೆಯಲಿಲ್ಲ, ಅವನ ಗೆಳೆಯನ ಹೆಸರು ಬರೆದ. ಆ ಹಾಳೆಯ ಒಂದು ಪ್ರತಿ ಈಗ ನನ್ನ ಫೈಲಿನಲ್ಲಿ ಎಲ್ಲಕ್ಕಿಂತ ಮೇಲಿದೆ.